ಒಂದು ನುಡಿಗೆ ಒಂದು ಚಮಚೆ

"ಈ ಕೂಸಿನ ಹೊಟ್ಟ್ಯಾಗ ಇನ್ನ ಏನ್ ಉಳದೈತಿ?"

ತಿಪ್ಪವ್ವ ಇದನ್ನು ಯಾರನ್ನೂ ಕೇಳಿದ್ದಲ್ಲ. ಹಿತ್ತಲ ಕಲ್ಲಿನ ಮೇಲೆ ಮುಂಜಾನೆಯಿಂದ ಏಳನೆಯ ಅರಿವೆ ಹಿಂಡುತ್ತಿದ್ದಳು, ಮಾತು ತಾನಾಗಿಯೇ ಬಾಯಿಂದ ಬಿತ್ತು. ಹತ್ತಿರ ಇದ್ದದ್ದು ಎರಡು ಕೋಳಿ ಮತ್ತು ಬೇವಿನ ಗಿಡಕ್ಕೆ ಕಟ್ಟಿದ ಒಂದು ಕುಂಟ ಕುರಿ. ಅವು ತಮ್ಮ ಪಾಡಿಗೆ ತಾವಿದ್ದವು.

ಎಪ್ಪತ್ತೊಂಬತ್ತನೆಯ ಇಸವಿ. ಮಿರಗದ ಮಳೆ ಬಿದ್ದು ಎಂಟು ದಿನವಾಗಿತ್ತು. ಆಲಮೇಲದಿಂದ ಒಂದು ಹರದಾರಿ ದೂರದ ಆ ಊರಿನ ಹಳ್ಳಕ್ಕೆ ಕೆಂಪಗೆ ಹೊಸ ನೀರು ಬಂದಿತ್ತು, ಮನೆಮನೆಗೆ ನೊಣ ಬಂದಿತ್ತು. ತಿಪ್ಪವ್ವನ ಮಗ ಸಿದ್ದರಾಯ ಕುರಿ ಹೊಡೆದುಕೊಂಡು ಚಡಚಣದ ಕಡೆ ಹೋಗಿ ಹದಿನೈದು ದಿನ. ಮನೆಯಲ್ಲಿ ಉಳಿದವರು ತಿಪ್ಪವ್ವ, ಸೊಸೆ ರೇವವ್ವ, ಮತ್ತು ಇಬ್ಬರು ಮಕ್ಕಳು.

ಇಬ್ಬರು ಎನ್ನುವುದು ಹೆಸರಿಗೆ ಮಾತ್ರ. ಅವರು ಹಚ್ಚುವ ಕೆಲಸ ಇಪ್ಪತ್ತು ಮಂದಿಯದು. ದೊಡ್ಡವಳು ಯಲ್ಲವ್ವ, ಮೂರು ವರ್ಷದವಳು, ಟೊಂಕದ ಮೇಲೆ ಕೈಯಿಟ್ಟು ಥೇಟ್ ತನ್ನ ಆಯಿ ತಿಪ್ಪವ್ವನ ಹಾಗೆಯೇ ಕೋಳಿಗಳನ್ನು ಬೈಯುತ್ತಿದ್ದಳು. ಸಣ್ಣವನು ಸೋಮನಿಂಗ, ಒಂದೂವರೆ ವರ್ಷದವನು. ಅವನಿಗೆ ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಗೆ ಬೇಕು. ಒಲೆಯ ಬೂದಿ, ಕುರಿಯ ಹಿಕ್ಕೆ, ಅಪ್ಪನ ಹಳೆಯ ಕೆರದ ಬಾರು, ಯಾವುದನ್ನೂ ಬಿಟ್ಟವನಲ್ಲ. ಒಂದು ಮಗು ಮಲಗಿತು ಎನ್ನುವಷ್ಟರಲ್ಲಿ ಇನ್ನೊಂದು ಎದ್ದು ಹಿಟ್ಟಿನ ಡಬ್ಬಿಯಲ್ಲಿ ಕೈ ಇಟ್ಟಿರುತ್ತಿತ್ತು. ತಿಪ್ಪವ್ವ ದಿನವಿಡೀ ಗೊಣಗುತ್ತಿದ್ದಳು, ಬಾವಿಯ ಕಟ್ಟೆಗೆ ಹೋದರೆ ಮಾತ್ರ ಅವಳ ಮಾತೇ ಬೇರೆ. ತನ್ನ ಮೊಮ್ಮಗ ಒಂಬತ್ತು ತಿಂಗಳಿಗೇ ಹೆಜ್ಜೆ ಹಾಕಿದನೆಂದು ಅವಳು ಹೇಳದ ಹೆಣ್ಣುಮಗಳು ಊರಲ್ಲಿ ಇರಲಿಲ್ಲ. ಹನ್ನೊಂದು ತಿಂಗಳಾಗಿತ್ತೆಂದು ರೇವವ್ವನಿಗೆ ಗೊತ್ತಿತ್ತು. ಆದರೆ ಅತ್ತೆಯ ಮುಖ ಅರಳುವುದನ್ನು ನೋಡಿ ಅವಳು ಆ ಎರಡು ತಿಂಗಳನ್ನು ಬಿಟ್ಟುಕೊಟ್ಟಿದ್ದಳು.

ಅಂಥ ಸೋಮನಿಂಗ ಈಗ ಎರಡು ದಿನದಿಂದ ಎದ್ದು ನಡೆದಿಲ್ಲ. ಹೊಟ್ಟೆ ಹರಿದು ಹರಿದು ಹಾಸಿಗೆ ಹಿಡಿದಿದ್ದ. ಅಂದು ಬೆಳಿಗ್ಗೆ ಅವನ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಯಲ್ಲವ್ವ ಕಸಿದುಕೊಂಡಾಗ ಅವನು ಸುಮ್ಮನೆ ನೋಡಿದ. ಯಲ್ಲವ್ವನಿಗೇ ಅದು ಸರಿಬರಲಿಲ್ಲ. ರೊಟ್ಟಿಯನ್ನು ತಿರುಗಿ ಅವನ ಕೈಗೆ ಕೊಟ್ಟು, ತಮ್ಮ ಅಳಲೊಲ್ಲ ಎಂದು ಆಯಿಯ ಮುಂದೆ ದೂರು ಹೇಳಿದಳು.

ತಿಪ್ಪವ್ವ ತನಗೆ ತಿಳಿದದ್ದನ್ನೆಲ್ಲ ಮಾಡಿದ್ದಳು. ಮೊದಲನೆಯದಾಗಿ, ನೀರು ಬಂದ್ ಮಾಡಿದ್ದಳು. ಒಳಗೆ ಹೋದದ್ದೇ ಹೊರಗೆ ಬರುತ್ತದೆ, ಕುಡಿಸುವುದು ನಿಂತರೆ ಭೇದಿಯೂ ನಿಲ್ಲುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಒದ್ದೆ ಬಟ್ಟೆಯ ತುದಿಯನ್ನು ಮಗುವಿನ ತುಟಿಗೆ ಹಚ್ಚುವುದು, ಅಷ್ಟೇ. ಎದೆಹಾಲನ್ನೂ ಬೇಡವೆಂದಿದ್ದಳು. ಹಾಲು ಕಟ್ಟಿ ಎದೆ ನೋಯುತ್ತಿದ್ದ ರೇವವ್ವ ಎರಡು ಸಲ ಅತ್ತೆಯ ಕಣ್ಣು ತಪ್ಪಿಸಿ ಕುಡಿಸಿದ್ದಳು.

ಉಳಿದದ್ದು ಚುಟಿಗೆ. ದಬ್ಬಣದ ತುದಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಹೊಕ್ಕಳ ಸುತ್ತ ಐದು ಕಡೆ ಚುಕ್ಕೆಯಿಟ್ಟಂತೆ ಸುಡುವುದು. ಅದರಲ್ಲಿ ತಿಪ್ಪವ್ವನದು ದೊಡ್ಡ ಹೆಸರು. ಆಲಮೇಲದಿಂದ, ಒಮ್ಮೊಮ್ಮೆ ಇಂಡಿಯ ಕಡೆಯ ಹಳ್ಳಿಗಳಿಂದ ಕೂಸುಗಳನ್ನು ಹೊತ್ತು ತರುತ್ತಿದ್ದರು. ಅವಳು ಯಾರ ಹತ್ತಿರವೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಸುಟ್ಟ ಕಡೆ ಬೀರಪ್ಪನ ಗುಡಿಯ ಅರಿಶಿನದ ಭಂಡಾರ ಒತ್ತಿ, ದೇವರ ಮೇಲೆ ಭಾರ ಹಾಕಿ ಕಳಿಸುತ್ತಿದ್ದಳು. ಅವಳ ಕೈಗುಣ ದೊಡ್ಡದು ಎಂದು ಜನ ಹೇಳುತ್ತಿದ್ದರು. ಬಡವರ ಮನೆಯ ಹೆಣ್ಣುಮಗಳಿಗೆ ಊರು ಕೊಟ್ಟ ಮರ್ಯಾದೆ ಅದೊಂದೇ. ಅದನ್ನು ಅವಳು ಹಣೆಯ ಮೇಲಿನ ಕುಂಕುಮದಷ್ಟೇ ಜೋಪಾನ ಮಾಡಿದ್ದಳು.

ದಬ್ಬಣವನ್ನು ಒಲೆಯಲ್ಲಿಟ್ಟು, ಬಂದು ಕೂಸಿನ ಕಾಲು ಹಿಡಿದುಕೊಳ್ಳಲು ಸೊಸೆಗೆ ಹೇಳಿದಳು. ಒಂದು ಕೊಡ ನೀರು ತಂದುಬಿಡುತ್ತೇನೆ ಎಂದು ರೇವವ್ವ ಹೊರಟಳು. ಮದುವೆಯಾಗಿ ಐದು ವರ್ಷ, ಅತ್ತೆಗೆ ಒಂದು ಎದುರು ಮಾತು ಆಡಿದವಳಲ್ಲ. ತಿಪ್ಪವ್ವನಿಗೆ ಸಂಶಯ ಬರಲಿಲ್ಲ.

ದಬ್ಬಣ ಕೆಂಪಗಾಗುವ ಹೊತ್ತಿಗೆ ರೇವವ್ವ ತಿರುಗಿ ಬಂದಳು. ಕೊಡ ಬರಿದಾಗಿತ್ತು. ಹಿಂದೆ ಬಿಳಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ನರ್ಸಬಾಯಿ ಶಮ್ಶುನ್ನೀಸಾ. ಗುರುವಾರಕ್ಕೊಮ್ಮೆ ಬಸ್ಸಿನಿಂದ ಇಳಿದು ಊರಿನ ಮನೆಗಳನ್ನು ಸುತ್ತುವವಳು. ತಿಪ್ಪವ್ವ ಅವಳನ್ನು ಕಂಡರೆ ಇಷ್ಟು ದಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು.

"ನೀರಿಗಿ ಹೋದಾಕಿ ನರ್ಸಬಾಯಿನ್ನ ತುಂಬಿಕೊಂಡ ಬಂದ್ಯೇನು?" ಎಂದಳು ಸೊಸೆಗೆ.

"ಕೊಡಾ ಸಣ್ಣದಾತ್ರಿ ಆಯಿ, ಅದಕ್ಕ ನಡಕೊಂತ ಬಂದೆ," ಎಂದಳು ನರ್ಸಬಾಯಿ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದುಕೊಂಡು ಒಳಗೆ ಬಂದಳು. ಒಲೆಯಲ್ಲಿದ್ದ ದಬ್ಬಣ ಅವಳ ಕಣ್ಣಿಗೆ ಬಿತ್ತು. ಅವಳು ಬೈಯಲಿಲ್ಲ. ನೆಲದ ಮೇಲೆ ಕುಳಿತು ಎಷ್ಟು ಸಲ ಭೇದಿಯಾಯಿತು, ರಕ್ತ ಬಿದ್ದಿತೇ, ಕಡೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ ಎಂದು ವಿಚಾರಿಸಿದಳು. ರಕ್ತವಿಲ್ಲ, ಉಚ್ಚೆ ನಿನ್ನೆ ಸಂಜೆಯಿಂದ ಇಲ್ಲ ಎಂದಳು ರೇವವ್ವ. ಸೂಜಿ ಚುಚ್ಚುವವರ ಮಾತು ತನ್ನ ಮನೆಯಲ್ಲಿ ನಡೆಯುವುದಿಲ್ಲ, ತಾನು ಇಂಥ ನೂರು ಕೂಸು ಕಂಡಿದ್ದೇನೆ, ಚುಟಿಗೆ ಹಾಕಿದರೆ ನಾಳೆ ಎದ್ದು ಓಡಾಡುತ್ತಾನೆ ಎಂದು ತಿಪ್ಪವ್ವ ಒಂದೇ ಉಸಿರಿಗೆ ಹೇಳಿದಳು.

ಆಗ ಬಾಯಿ ಬಿಟ್ಟವಳು ರೇವವ್ವ.

"ಅತ್ತಿ, ನಂಗೂ ನಾಕ ವರ್ಷದಾಕಿದ್ದಾಗ ಹಾಕ್ಯಾರ. ಹೊಟ್ಟಿ ನೋವ ಮರ್ತೇನಿ. ಸುಟ್ಟದ್ದು ಮರ್ತಿಲ್ಲ."

ತಿಪ್ಪವ್ವ ಸೊಸೆಯ ಮುಖ ನೋಡಿದಳು.

ನರ್ಸಬಾಯಿ ಮಾತನ್ನು ಬೇರೆ ದಾರಿಗೆ ತಿರುಗಿಸಿದಳು. "ಆಯಿ, ಕುರಿ ಸಾಕೂ ಮಂದಿ ನೀವು. ಒಂದ ಮರಿ ಹೊಟ್ಟಿ ಹರದ ಬಿತ್ತು ಅನ್ರಿ. ಉಳೀತೈತೋ ಇಲ್ಲೋ ಹೆಂಗ ಗೊತ್ತ ಮಾಡ್ತೀರಿ?"

ಈ ಪ್ರಶ್ನೆಗೆ ತಿಪ್ಪವ್ವ ನೆಟ್ಟಗೆ ಕುಳಿತಳು. ಇದು ಅವಳ ಹೊಲ.

"ಅದಕ್ಕೇನ್ ವಿದ್ಯೆ ಬೇಕು? ತೊಗಲ ಹಿಡದ ಎತ್ತಿ ಬಿಡೂದು. ತೊಗಲ ಲಗೂನ ಕುಂತ್ರ ಮರಿ ಉಳೀತು. ಎತ್ತಿದಂಗ ನಿಂತ್ರ ಒಳಗ ಒಣಗಾಕತ್ತೈತಿ ಅಂತ."

"ಒಣಗಿದ್ದಕ್ಕ ಏನ್ ಮಾಡ್ತೀರಿ?"

"ಬಿದಿರ ಗೊಟ್ಟದಾಗ ನುಚ್ಚಿನ ತಿಳಿ ಹಾಕಿ ಕುಡಸ್ತೇವಿ. ಹರಳ ಉಪ್ಪ ಹಾಕಿ. ತಾಯಿ ಹಿಂದನ ಬಿಡ್ತೇವಿ, ಮಲಿ ಉಣ್ಣಲಿ ಅಂತ."

"ಚುಟಿಗಿ ಹಾಕಂಗಿಲ್ಲ?"

"ಮರಿ ಸಾಯತೈತಲ್ರಿ, ಹೊಟ್ಟಿಗೇನೂ ಇಲ್ದ ಸುಟ್ರ."

ಹೇಳಿದ ಮೇಲೆ ತಿಪ್ಪವ್ವನಿಗೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ಕೂಡಲೇ ಸಿಟ್ಟು ಬಂತು. "ಅಲ್ರಿ, ಕೂಸ ಏನ್ ಕುರಿಮರಿ ಏನು?"

"ಅಲ್ರಿ ಆಯಿ. ಅದಕ್ಕ ಮರಿಗಿಂತ ಹೆಚ್ಚ ಜ್ವಾಕಿ ಮಾಡಬೇಕು. ನಿಮ್ಮ ಕೈ ಸುಳ್ಳ ಹೇಳಂಗಿಲ್ಲ. ಕೂಸಿನ ಹೊಟ್ಟಿ ತೊಗಲ ನೀವ ಎತ್ತಿ ನೋಡ್ರಿ. ಅದು ಏನ್ ಹೇಳತೈತಿ, ಹಂಗ ಮಾಡೂಣು."

ತಿಪ್ಪವ್ವ ಎರಡು ಬೆರಳಿನಿಂದ ಸೋಮನಿಂಗನ ಹೊಟ್ಟೆಯ ಚರ್ಮವನ್ನು ಎತ್ತಿದಳು. ಬಿಟ್ಟಳು. ಅದು ಕೂಡಲಿಲ್ಲ. ಮಡಿಚಿಟ್ಟ ಅರಿವೆಯ ಹಾಗೆ ನಿಂತಿತು, ಬಹಳ ಸಾವಕಾಶವಾಗಿ ಇಳಿಯಿತು. ಮತ್ತೊಮ್ಮೆ ಎತ್ತಿದಳು. ಮತ್ತೂ ಹಾಗೆಯೇ. ನಲವತ್ತು ವರ್ಷ ಎಷ್ಟೋ ಮರಿಗಳ ತೊಗಲು ಎತ್ತಿದ ಬೆರಳು ಅವು. ಮನಸ್ಸು ಒಪ್ಪುವ ಮೊದಲೇ ಬೆರಳಿಗೆ ತಿಳಿದುಹೋಯಿತು. ಆಗ ಉಳಿದದ್ದೂ ಕಂಡಿತು. ಮಗುವಿನ ಕಣ್ಣುಗಳು ಒಳಗೆ ಹೋಗಿದ್ದವು. ನಾಲಗೆ ಒಣಗಿತ್ತು. ಮುಲುಗುತ್ತಿದ್ದ ಮಗುವಿನ ಕಣ್ಣಿನಲ್ಲಿ ಒಂದು ಹನಿ ನೀರು ಇರಲಿಲ್ಲ. ಭೇದಿಯಲ್ಲಿ ಹೋದ ನೀರನ್ನು ತುಂಬಿಕೊಡುವುದು ಬಿಟ್ಟು, ಕುಡಿಯುವ ನೀರನ್ನೂ ಕಿತ್ತುಕೊಂಡವಳು ತಾನೇ.

ಸೆರಗಿನಿಂದ ಹಿಡಿದು ದಬ್ಬಣವನ್ನು ಒಲೆಯಿಂದ ಹೊರಗೆಳೆದು ನೆಲದ ಮೇಲೆ ಇಟ್ಟಳು.

"ಹೇಳ್ರಿ ಬಾಯಾರ. ಏನ್ ಮಾಡ್ಲಿ?"

ದವಾಖಾನೆಯಲ್ಲಿ ಇದಕ್ಕೆಂದೇ ಪುಡಿಯ ಪೊಟ್ಟಣ ಸಿಗುತ್ತದೆ, ಈಗ ತನ್ನ ಚೀಲದಲ್ಲಿ ಇಲ್ಲ, ಇಲ್ಲವೆಂದು ಕಾಯುತ್ತ ಕೂಡಬೇಕಾಗಿಯೂ ಇಲ್ಲ ಎಂದಳು ನರ್ಸಬಾಯಿ. ಚೀಲದಿಂದ ಒಂದು ಗ್ಲಾಸು, ಒಂದು ಚಹಾ ಚಮಚೆ ತೆಗೆದಳು. ರೇವವ್ವ ಕೈಯನ್ನು ಸಬಕಾರ ಹಚ್ಚಿ ತೊಳೆದುಕೊಂಡಳು. ಕುದಿಸಿ ಆರಿಸಿದ ನೀರು ಆ ಗ್ಲಾಸಿನಿಂದ ಐದು ಗ್ಲಾಸು, ಅಂದರೆ ಒಂದು ಲೀಟರ್. ಅದಕ್ಕೆ ಆರು ಚಮಚೆ ಸಕ್ಕರೆ. ಅರ್ಧ ಚಮಚೆ ಉಪ್ಪು. ಚಮಚೆಯ ಮೇಲೆ ಗುಡ್ಡೆ ಕಟ್ಟಬಾರದು, ಬೆರಳಿನಿಂದ ಸವರಿ ಸಪಾಟ ಮಾಡಬೇಕು. ಉಪ್ಪು ಹೆಚ್ಚಾದರೆ ಕೂಸಿಗೆ ಕೇಡು ಎಂದು ನರ್ಸಬಾಯಿ ಎರಡೆರಡು ಸಲ ಹೇಳಿದಳು. ಕೊಡುವ ಮೊದಲು ದೊಡ್ಡವರು ನಾಲಗೆಗೆ ಹಚ್ಚಿ ನೋಡಬೇಕು. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಚೆಲ್ಲಿ ಹೊಸದು ಮಾಡಬೇಕು. ಒಂದು ದಿನ ಮುಗಿದರೆ ಉಳಿದದ್ದನ್ನೂ ಚೆಲ್ಲಬೇಕು.

ಸಕ್ಕರೆಯ ಡಬ್ಬಿ ಕೆಳಗಿಳಿದದ್ದನ್ನು ಕಂಡ ಯಲ್ಲವ್ವ ಹತ್ತಿರ ಬಂದು ಹೊಟ್ಟೆ ಹಿಡಿದುಕೊಂಡು ನಿಂತಳು. "ನಂದೂ ಹೊಟ್ಟಿ ಹರದೈತಿ," ಎಂದಳು. ಬಹಳ ಹೊತ್ತಿನ ಮೇಲೆ ಆ ಮನೆಯಲ್ಲಿ ಒಂದು ನಗೆ ಕೇಳಿತು. ಅವಳಿಗೂ ಒಂದು ಚಮಚೆ ಸಿಕ್ಕಿತು.

ಮೊದಲ ಎರಡು ಚಮಚೆ ಒಳಗೆ ಹೋದವು. ಮೂರನೆಯದಕ್ಕೆ ಸೋಮನಿಂಗ ಎಲ್ಲವನ್ನೂ ಕಾರಿಕೊಂಡ. ತಾನು ಹೇಳಿರಲಿಲ್ಲವೇ, ಕೊಟ್ಟದ್ದು ನಿಲ್ಲುವುದಿಲ್ಲ ಎಂದು ತಿಪ್ಪವ್ವ ಮತ್ತೆ ಹೊತ್ತಿಕೊಂಡಳು. ಕಾರಿದರೆ ಹತ್ತು ನಿಮಿಷ ತಡೆದು ಮತ್ತೆ ಶುರು ಮಾಡಬೇಕು, ಈ ಸಲ ಇನ್ನೂ ಸಾವಕಾಶ, ನಿಮಿಷಕ್ಕೆ ಒಂದೇ ಚಮಚೆ ಎಂದಳು ನರ್ಸಬಾಯಿ.

"ನಿಮಿಷ ಗೊತ್ತಾಗೂದು ಹೆಂಗ್ರಿ? ನಮ್ಮ ಮನ್ಯಾಗ ಗಡಿಯಾಳ ಇಲ್ಲ."

"ಬೀರಪ್ಪನ ಪದಾ ನಿಮ್ಮಷ್ಟ ಚಂದ ಯಾರೂ ಹಾಡಂಗಿಲ್ಲಂತ ಓಣ್ಯಾಗೆಲ್ಲ ಹೇಳ್ತಾರ. ಒಂದು ನುಡಿ ಹಾಡ್ರಿ, ಒಂದು ಚಮಚಿ ಕುಡಸ್ರಿ. ಮತ್ತೊಂದು ನುಡಿ, ಮತ್ತೊಂದು ಚಮಚಿ."

ತಿಪ್ಪವ್ವ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನಿಮಗ ನಮ್ಮ ಬೀರಪ್ಪನ ಪದಾನೂ ಗೊತ್ತೇನ್ರಿ?"

"ಡೊಳ್ಳ ಬಾರಿಸಿದ್ರ ನಮ್ಮ ಓಣಿಗೂ ಕೇಳತೈತ್ರಿ ಆಯಿ."

ನರ್ಸಬಾಯಿ ಇನ್ನಷ್ಟು ಹೇಳಿ ಎದ್ದಳು. ಈ ನೀರು ಭೇದಿಯನ್ನು ಒಮ್ಮೆಲೇ ನಿಲ್ಲಿಸುವುದಿಲ್ಲ, ಒಣಗಿ ಸಾಯುವುದನ್ನು ತಪ್ಪಿಸುತ್ತದೆ. ಭೇದಿ ಎರಡು ಮೂರು ದಿನಕ್ಕೆ ತಾನೇ ನಿಲ್ಲುತ್ತದೆ. ಎದೆಹಾಲು ಬಿಡಿಸಬಾರದು. ಹಸಿದರೆ ನುಚ್ಚಿನ ಗಂಜಿ, ಮೆತ್ತಗೆ ಕಲಸಿದ ಅನ್ನ ಕೊಡಬೇಕು. ಸಂಜೆಯ ಬಸ್ಸಿಗೆ ಮೊದಲು ತಾನು ಬಂದು ನೋಡುತ್ತೇನೆ. ಆಗಲೂ ಚರ್ಮ ಹೀಗೆಯೇ ನಿಂತರೆ, ಅಥವಾ ಅಷ್ಟರಲ್ಲಿ ಕೂಸು ಕುಡಿಯಲಾರದೆ ಮಂಕಾದರೆ, ಏನನ್ನೂ ಕಾಯದೆ ಆಲಮೇಲದ ದವಾಖಾನೆಗೆ ಬಂಡಿ ಕಟ್ಟಬೇಕು. ಹಣೆಗೆ ಭಂಡಾರ ಹಚ್ಚಬಹುದೇ ಎಂದು ತಿಪ್ಪವ್ವ ಸಣ್ಣ ದನಿಯಲ್ಲಿ ಕೇಳಿದಳು. ಧಾರಾಳವಾಗಿ ಹಚ್ಚಿರಿ, ದೇವರ ಹೆಸರು ಹೇಳಿಯೇ ಕುಡಿಸಿರಿ ಎಂದಳು ನರ್ಸಬಾಯಿ.

ಆ ಮಧ್ಯಾಹ್ನ ತಿಪ್ಪವ್ವ ಹಾಡಿದಳು. ಗೋಡೆಗೆ ಒರಗಿ, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ಬೀರಪ್ಪ ಹುಟ್ಟಿದಲ್ಲಿಂದ ಶುರು ಮಾಡಿದಳು. ನುಡಿ ಮುಗಿದಲ್ಲಿ ರೇವವ್ವ ಚಮಚೆ ಎತ್ತಿ ಕೊಡುವಳು. ದಾರಿಯಲ್ಲಿ ಹೋಗುತ್ತಿದ್ದವರು ಭಜನೆ ಕೂಡಿದೆಯೆಂದು ತಿಳಿದು ಹಣಿಕಿ ನೋಡಿದರು. ದೇವರು ದೊಡ್ಡವನಾಗಿ ಕುರಿ ಕಾಯುವ ಭಾಗಕ್ಕೆ ಬರುವಷ್ಟರಲ್ಲಿ ಸೋಮನಿಂಗ ತಾನೇ ಬಾಯಿ ತೆರೆದು ಚಮಚೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಬಿಡಿಸಿಕೊಳ್ಳಲು ಇಬ್ಬರೂ ಬೇಕಾಯಿತು. ತಿಪ್ಪವ್ವನ ದನಿ ಏರಿತು. ಆ ಪದ ಅವಳಿಗೆ ಹುಟ್ಟಿದಾಗಿನಿಂದ ಬರುತ್ತಿತ್ತು. ಅಂದಿನಷ್ಟು ಉದ್ದ ಅವಳು ಅದನ್ನು ಎಂದೂ ಹಾಡಿರಲಿಲ್ಲ.

ಬಿಸಿಲು ಹಿತ್ತಲ ಗೋಡೆ ಏರುವ ಹೊತ್ತಿಗೆ ಅವಳ ಹಾಡು ನಡುವೆಯೇ ನಿಂತಿತು.

"ರೇವವ್ವಾ, ಇಲ್ಲಿ ಬಾ. ನನ್ನ ಸೀರಿ ನೋಡು."

ಸೀರೆ ಮೊಳಕಾಲಿನವರೆಗೆ ತೊಯ್ದಿತ್ತು. ಸೋಮನಿಂಗ ಉಚ್ಚೆ ಹೊಯ್ದಿದ್ದ. ಆಯಿಯ ಮುಖದಲ್ಲಿ ಪಟ್ಟ ಕಟ್ಟಿದಷ್ಟು ಹೆಮ್ಮೆ. ಸೀರೆ ಬದಲಿಸೆಂದು ಸೊಸೆ ಹೇಳಿದರೂ ನರ್ಸಬಾಯಿ ಬಂದು ನೋಡುವವರೆಗೆ ಬದಲಿಸುವುದಿಲ್ಲ ಎಂದಳು. ನರ್ಸಬಾಯಿ ಬಂದಾಗ ಮಗುವಿನ ಹೊಟ್ಟೆ ಮುಟ್ಟಲು ಅವಳಿಗೆ ಬಿಡಲೂ ಇಲ್ಲ. ತಾನೇ ಚರ್ಮ ಎತ್ತಿ ಬಿಟ್ಟು, ಅದು ಲಗುಬಗೆಯಿಂದ ಕೂಡಿದ್ದನ್ನು ತೋರಿಸಿದಳು.

ನಾಲ್ಕನೆಯ ದಿನ ಸೋಮನಿಂಗ ಎದ್ದು, ಗೋಡೆ ಹಿಡಿದು ನಡೆದು, ಅಕ್ಕನ ರೊಟ್ಟಿ ಕಸಿದುಕೊಂಡ. ಯಲ್ಲವ್ವ ಊರು ಕೇಳುವಂತೆ ಅತ್ತಳು. ಅಂಥ ಗದ್ದಲದಲ್ಲಿ ತಿಪ್ಪವ್ವ ನಗುತ್ತ ಕುಳಿತದ್ದನ್ನು ರೇವವ್ವ ಮೊದಲ ಸಲ ಕಂಡಳು.

ಅಂದು ಸಂಜೆ ಜೋಳ ಹಸನು ಮಾಡುತ್ತ ತಿಪ್ಪವ್ವ ಸೊಸೆಗೆ ಒಂದು ಮಾತು ಹೇಳಿದಳು. ಚುಟಿಗೆ ಹಾಕಿಸಿಕೊಂಡು ಉಳಿದ ಕೂಸುಗಳ ತಾಯಂದಿರು ತಿರುಗಿ ಬಂದು ಕಾಲಿಗೆ ಬೀಳುತ್ತಿದ್ದರು. ಉಳಿಯದ ಕೂಸುಗಳ ತಾಯಂದಿರು ಬರುತ್ತಿರಲಿಲ್ಲ. ತಾನು ಬಂದವರನ್ನೇ ನೋಡಿದೆ, ಬರದವರನ್ನು ಕೇಳಲು ಹೋಗಲಿಲ್ಲ ಎಂದಳು. ಆಮೇಲೆ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಆದರೆ ಓಣಿಯಲ್ಲಿ ಯಾವ ಮನೆಯಲ್ಲಿ ಕೂಸಿನ ಹೊಟ್ಟೆ ಕೆಟ್ಟರೂ ಕರೆಯದೆಯೇ ಹೋಗಿ ನೀರು ಕಲಸಿಕೊಟ್ಟು ಬರತೊಡಗಿದಳು. ಚರ್ಮ ಎತ್ತಿ ನೋಡುವುದು ಕುರಿ ಕಾಯುವವರ ವಿದ್ಯೆ, ನರ್ಸಬಾಯಿ ಅದನ್ನು ನಮ್ಮಿಂದಲೇ ಕಲಿತಿದ್ದಾಳೆ ಎಂದು ಎಲ್ಲರಿಗೂ ಹೇಳಿದಳು. ಸುದ್ದಿ ನರ್ಸಬಾಯಿಯ ಕಿವಿಗೂ ಬಿತ್ತು. ಅವಳು ಹೌದೆಂದೇ ಒಪ್ಪಿಕೊಂಡಳು.

ಓದುತ್ತಿರುವ ಅವ್ವಂದಿರೇ, ಓದಿಸಿ ಕೇಳುತ್ತಿರುವ ಆಯಿಗಳೇ, ನಿಮ್ಮ ಮನೆಯ ಕೂಸಿಗೂ ಒಂದು ದಿನ ಹೊಟ್ಟೆ ಹರಿದೀತು. ಅದು ನಿಮ್ಮ ತಪ್ಪಲ್ಲ. ಅಂದು ನೀರು ನಿಲ್ಲಿಸಬೇಡಿರಿ. ಒಂದು ಲೀಟರ್ ನೀರು, ಆರು ಸಪಾಟ ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು, ಇಷ್ಟನ್ನು ನೆನಪಿಡಿರಿ. ಎದೆಹಾಲು ಬಿಡಿಸಬೇಡಿರಿ. ಭೇದಿಯಲ್ಲಿ ರಕ್ತ ಕಂಡರೆ, ಕೂಸು ಕುಡಿಯಲಾರದೆ ಮಂಕಾದರೆ, ಕೊಟ್ಟದ್ದೆಲ್ಲ ಕಾರುತ್ತಲೇ ಇದ್ದರೆ ದವಾಖಾನೆಗೆ ನಡೆಯಿರಿ. ಎಳೆಯ ಹೊಟ್ಟೆಯ ಮೇಲೆ ಬೆಂಕಿ ಇಡಬೇಡಿರಿ, ಇಡುವೆನೆಂದು ಬಂದ ಕೈಯನ್ನು ತಡೆಯಿರಿ. ತಡೆಯುವುದು ಕಷ್ಟವೆನ್ನುವಿರಾ? ತಿಪ್ಪವ್ವನಿಗೂ ಅದು ಸುಲಭವಿರಲಿಲ್ಲ.

ಶ್ರಾವಣದ ಒಂದು ಮುಂಜಾನೆ ರುಕ್ಮವ್ವ ಅವಳ ಮನೆಗೆ ಬಂದಳು. ರುಕ್ಮವ್ವ ಎಂದರೆ ಊರಿನ ದೊಡ್ಡ ಹೊಲಮನೆಯವಳು. ತಿಪ್ಪವ್ವನ ಕುರಿಗಳನ್ನು ಪ್ರತಿ ವರ್ಷ ಗೊಬ್ಬರಕ್ಕೆಂದು ರಾತ್ರಿ ತರುಬುವುದು ಅವರ ಎರಿಹೊಲದಲ್ಲಿ, ಅದಕ್ಕೆ ಸುಗ್ಗಿಗೆ ಜೋಳದ ಚೀಲ ಬರುವುದು ಅವರ ಕಣದಿಂದ. ಅವಳ ಕಂಕುಳಲ್ಲಿ ವರ್ಷದ ಮೊಮ್ಮಗಳು. ಮುಂಜಾನೆಯಿಂದ ನಾಲ್ಕು ಸಲ ಭೇದಿ.

ತಿಪ್ಪವ್ವ ಕೂಸಿನ ಚರ್ಮ ಎತ್ತಿ ನೋಡಿದಳು. ಲಗು ಕೂಡಿತು. ನೀರಿಡಲು ಸೊಸೆಗೆ ಹೇಳಿ, ಇನ್ನೂ ಒಣಗಿಲ್ಲ, ಕುಡಿಸಿದರೆ ಗೆದ್ದಳು ಎಂದು ರುಕ್ಮವ್ವನಿಗೆ ಧೈರ್ಯ ಹೇಳಿದಳು.

"ನೀರ ಮನ್ಯಾಗ ಕುಡಸ್ತೇನಿ ಬಿಡು," ಎಂದಳು ರುಕ್ಮವ್ವ. "ನಾ ನೀರಿಗೆ ಬಂದಿಲ್ಲ. ನಿನ್ನ ಕೈಲೆ ಐದ ಚುಟಿಗಿ ಹಾಕು. ನನ್ನ ಮಗಾ ಉಳದದ್ದು ನಿನ್ನ ಕೈಲೆ."

"ಅಂವಾ ದೇವರ ದಯಾದಿಂದ ಉಳದಾನ್ರಿ ಅವ್ವಾರ. ನನ್ನಿಂದಲ್ಲ."

"ಐದ ಬ್ಯಾಡ, ಒಂದ ಹಾಕು. ಮನ್ಯಾಗ ಎಲ್ಲಾರೂ ಕೇಳ್ತಾರ, ತಿಪ್ಪವ್ವ ಹಾಕಿದಳೇನು ಅಂತ." ಹೊಲದ ಕಡೆ ನೋಡುವಂತೆ ಎಲ್ಲಿಗೋ ನೋಡುತ್ತ ಅಂದಳು, "ನಮ್ಮ ಮನೀಗೂ ನಿಮ್ಮ ಮನೀಗೂ ಇವತ್ತಿಂದಲ್ಲ ತಿಪ್ಪವ್ವಾ. ಒಂದ ಮಾತಿಗೆ ಇಲ್ಲ ಅಂತೀಯೇನು?"

ಒಳಗೆ ಚಮಚೆ ಎಣಿಸುತ್ತಿದ್ದ ರೇವವ್ವನ ಕೈ ನಿಂತಿತು. ಆ ಮಾತಿನ ಹಿಂದೆ ಏನೇನಿದೆಯೆಂದು ಅತ್ತೆ ಸೊಸೆ ಇಬ್ಬರಿಗೂ ಗೊತ್ತಿತ್ತು. ತಿಪ್ಪವ್ವ ರುಕ್ಮವ್ವನ ಕಂಕುಳಿನಿಂದ ಕೂಸನ್ನು ತೆಗೆದುಕೊಂಡು ತನ್ನ ತೊಡೆಯ ಮೇಲೆ ಮಲಗಿಸಿಕೊಂಡಳು. ಹೊಟ್ಟೆಯ ಮೇಲಿನ ಅಂಗಿಯನ್ನು ನೀಟಾಗಿ ಕೆಳಗೆಳೆದಳು.

"ನೀರ ಬೇಕಾದ್ರ ಹೊತ್ತ ಮುಳಗೂತನ ಕುಂತ ಕುಡಸ್ತೇನ್ರಿ ಅವ್ವಾರ. ಚುಟಿಗಿ ಹಾಕಂಗಿಲ್ಲ. ನಿಮ್ಮ ಮನಿ ಕೂಸಿಗೂ ಹಾಕಂಗಿಲ್ಲ, ಯಾರ ಮನಿ ಕೂಸಿಗೂ ಹಾಕಂಗಿಲ್ಲ."